ಎಡಗೈಯಲ್ಲಿ ಘಂಟೆ

1998, ಫೆಬ್ರವರಿ 2, ಸೋಮವಾರ. ಎಲ್ಕೊ

ಆರು ವಾರದಿಂದ ಈ ಪುಸ್ತಕ ಮುಟ್ಟಿರಲಿಲ್ಲ. ವೆಂಡೆಲ್‌ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಇವತ್ತಿಗೆ ಹತ್ತು ದಿನ. ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಕೋಲೂರಿಕೊಂಡು ಅಡುಗೆಮನೆಯಿಂದ ಕಿಟಕಿಯವರೆಗೆ ನಡೆಯುತ್ತಾನೆ. ಬುದ್ಧಿಗೇನೂ ಆಗಿಲ್ಲ; ನಿನ್ನೆ ಇಸ್ಪೀಟಿನಲ್ಲಿ ನನ್ನನ್ನು ಮೂರು ಸಲ ಸೋಲಿಸಿ ಹುಬ್ಬು ಹಾರಿಸಿದ. ಮಾತು ಮಾತ್ರ ಹೋಗಿದೆ. ಉಳಿದಿರುವುದು ಒಂದೇ ಪದ: 'ಮಂಗಳವಾರ'. ಕಾಫಿ ಬೇಕಾದರೂ ಮಂಗಳವಾರ, ಬೂಟು ಕಚ್ಚಿದರೂ ಮಂಗಳವಾರ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ಮನುಷ್ಯ, ನನ್ನ ಗಂಡ.

ಆದರೂ ಬದುಕಿದ್ದಾನೆ. ದೇವರು ದೊಡ್ಡವನು. ಎದುರುಮನೆಯವರು ಕೇಳದೆಯೇ ನಮ್ಮ ಬಾಗಿಲಿನ ಹಿಮ ಬಳಿದು ಹೋಗುತ್ತಾರೆ. ಯಾರ್ಯಾರೋ ತಂದುಕೊಟ್ಟ ಊಟದ ಪಾತ್ರೆಗಳು ಫ್ರಿಜ್ಜಿನ ತುಂಬ ಇವೆ, ಯಾವುದು ಯಾರದ್ದೆಂದು ಚೀಟಿ ಅಂಟಿಸಿಡಬೇಕು.

ಇವತ್ತು ರೀನೊದಿಂದ ಡೊರೀನ್ ಫೋನ್ ಮಾಡಿದಳು. ರಾಜ್ಯದ ಸಣ್ಣ ಊರುಗಳ ಲೈಬ್ರರಿಗಳಿಗೆ ಭಾಷಣಕಾರರನ್ನು ಕಳಿಸುವ ಯೋಜನೆ ನಡೆಸುವವಳು ಅವಳು. ಯುರೋಪಿನಿಂದ ಕುರಿ ಕಾಯಲು ಬಂದ ಬಾಸ್ಕ್ ಕುರುಬರು ಬೆಟ್ಟದ ಮರಗಳ ಮೇಲೆ ಕೆತ್ತಿದ ಚಿತ್ರಗಳ ಬಗ್ಗೆ ವೆಂಡೆಲ್ ಹತ್ತೊಂಬತ್ತು ವರ್ಷದಿಂದ ಮಾತಾಡುತ್ತ ಬಂದಿದ್ದಾನೆ. ಈ ಸಲವೂ ಐದು ಊರು ನಿಗದಿಯಾಗಿದ್ದವು.

"ಡೆಟ್, ಎಲ್ಲಾ ರದ್ದು ಮಾಡ್ಬಿಡ್ಲಾ? ಯಾರೂ ಬೇಜಾರ್ ಮಾಡ್ಕೊಳಲ್ಲ."

"ಬೇಡ. ಅವನು ಬರೆದಿಟ್ಟಿದಾನಲ್ಲ, ನಾನೇ ಓದ್ತೀನಿ," ಎಂದೆ. ಫೋನ್ ಇಟ್ಟ ಮೇಲೆ ನನ್ನ ಬಾಯಿಗೆ ಯಾರಾದರೂ ಬೀಗ ಹಾಕಬೇಕಿತ್ತು ಅನ್ನಿಸಿತು. ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಹಿಂದಿನ ಸಾಲಿನಲ್ಲಿ ಕೂತು ಪ್ರೊಜೆಕ್ಟರಿನ ಗುಂಡಿ ಒತ್ತುವ ಕೆಲಸ. ಬಾಸ್ಕ್ ಜನರ ಕಥೆಯನ್ನು ಒಹಾಯೊದಿಂದ ಬಂದ ಮೇಷ್ಟ್ರು ಹೇಳುತ್ತಿದ್ದ. ಬಾಸ್ಕ್ ಕುರುಬರು ಉಂಡು ತಂಗುವ ಊಟದ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಕತ್ತಲಲ್ಲಿ ಚಿತ್ರ ಬದಲಿಸುತ್ತಿದ್ದೆ. ನನಗೆ ಅದರಲ್ಲಿ ಕಿಂಚಿತ್ತೂ ಬೇಸರವಿರಲಿಲ್ಲ. ಅವನು ಅಷ್ಟು ಚೆನ್ನಾಗಿ ಹೇಳುತ್ತಿದ್ದ.

ಫೆಬ್ರವರಿ 19, ಗುರುವಾರ. ಬ್ಯಾಟಲ್ ಮೌಂಟನ್

ಮುಗಿಯಿತು, ಸದ್ಯ. ಇಪ್ಪತ್ತಾರು ಜನ ಬಂದಿದ್ದರು. ಒಂದು ಗಂಟೆ ಮುಂಚೆ ಹೋಗಿ ಕುರ್ಚಿಗಳನ್ನೆಲ್ಲ ನಾನೇ ಹಾಕಿದೆ, ಕಾಫಿ ಕಾಸಿದೆ, ಮುಗಿದ ಮೇಲೆ ಕಪ್ಪು ತೊಳೆದೆ. ಲೈಬ್ರರಿಯ ಹೆಂಗಸು "ನೀವು ಭಾಷಣ ಮಾಡೋರು, ಸುಮ್ನೆ ಕೂತ್ಕೊಳಿ ತಾಯಿ" ಎಂದು ಬೇಡಿಕೊಂಡರೂ ಕೈ ಕೇಳಲಿಲ್ಲ. ನಮ್ಮಮ್ಮ ಊಟದ ಮನೆಯಲ್ಲಿ ಮೂವತ್ತು ಜನ ಉಣ್ಣುವಾಗ ಒಂದು ದಿನವೂ ಕುಳಿತವಳಲ್ಲ. ಅದು ರಕ್ತದಲ್ಲೇ ಬಂದಿದೆ.

ವೆಂಡೆಲ್ ಬರೆದಿದ್ದನ್ನು ಒಂದಕ್ಷರ ಬಿಡದೆ ಓದಿದೆ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ್ದರಿಂದ ಗಂಟಲಿಗೆ ಕೊರತೆಯಿಲ್ಲ, ಹಿಂದಿನವರಿಗೂ ಕೇಳಿಸಿತಂತೆ. ತೊಂದರೆಯಾದದ್ದು ನಲವತ್ತೊಂದನೆಯ ಚಿತ್ರ ಬಂದಾಗ.

ಅದು ವೆಂಡೆಲ್‌ನ ಕಿರೀಟ. ಆಸ್ಪೆನ್ ಮರದ ಬಿಳಿ ತೊಗಟೆಯ ಮೇಲೆ ಒಬ್ಬ ಹೆಂಗಸು: ತಲೆಗೆ ವಸ್ತ್ರ, ಉದ್ದ ಲಂಗ, ಕೈಯಲ್ಲಿ ಘಂಟೆ, ಕೆಳಗೆ 1934. ನಮ್ಮ ಮದುವೆಯಾದ ಮಾರನೆಯ ಬೇಸಿಗೆ ರೂಬಿ ಬೆಟ್ಟಗಳಲ್ಲಿ ಅಲೆಯುವಾಗ ಅವನೇ ಕಂಡುಹಿಡಿದದ್ದು. ಮರ ಆಮೇಲೆ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು, ಉಳಿದದ್ದು ಈ ಚಿತ್ರವೊಂದೇ. ಅವನು ಅದಕ್ಕೆ 'ಘಂಟೆಯ ಮಾತೆ' ಎಂದು ಹೆಸರಿಟ್ಟ. ಒಂಟಿ ಕುರುಬನೊಬ್ಬ ತನ್ನೂರಿನ ಇಗರ್ಜಿಯ ಸಂತಳನ್ನು ನೆನೆದು ಮರದ ಮೇಲೆ ಮಾಡಿದ ಪ್ರಾರ್ಥನೆ ಎನ್ನುವುದು ಅವನ ವಾದ. ಆ ಭಾಗ ಕೇಳಿ ಕಣ್ಣೊರೆಸಿಕೊಳ್ಳದವರನ್ನು ನಾನು ನೋಡಿಲ್ಲ.

ಅದು ಸಂತಳಲ್ಲ. ನಮ್ಮಮ್ಮ.

ಬರೆದುಬಿಟ್ಟೆ. ಮೂವತ್ತಾರು ವರ್ಷದಿಂದ ಯಾರಿಗೂ ಹೇಳಿಲ್ಲ. ನಮ್ಮಮ್ಮ ಹತ್ತೊಂಬತ್ತರ ಹುಡುಗಿಯಾಗಿ ಹಡಗು ಹತ್ತಿ ಬಂದು ವಿನ್ನೆಮಕ್ಕದ ಊಟದ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಸಂಜೆ ಆರೂವರೆಗೆ ಬಾಗಿಲಲ್ಲಿ ನಿಂತು ಊಟದ ಘಂಟೆ ಬಾರಿಸುವುದು ಅವಳ ಕೆಲಸ. ಅವಳು ಎಡಚಿ. ತಲೆವಸ್ತ್ರದ ಗಂಟನ್ನು ಕಿವಿಯ ಪಕ್ಕಕ್ಕೆ ಕಟ್ಟುತ್ತಿದ್ದಳು. ಮರದ ಮೇಲಿನ ಹೆಂಗಸಿಗೂ ಗಂಟು ಕಿವಿಯ ಪಕ್ಕದಲ್ಲೇ ಇದೆ, ಘಂಟೆ ಎಡಗೈಯಲ್ಲೇ ಇದೆ.

1962ರಲ್ಲಿ ವೆಂಡೆಲ್ ಆ ಫೋಟೊವನ್ನು ಅಪ್ಪ-ಅಮ್ಮನ ಊಟದ ಮನೆಯ ಮೇಜಿಗೆ ತಂದು ಮುದಿ ಕುರುಬರ ಕೈಗೆ ಕೊಟ್ಟ. "ಯಾರಿದು? ನಿಮಗೆ ಗೊತ್ತಾಗುತ್ತಾ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಒಂದೇ ಕ್ಷಣಕ್ಕೆ ಎಲ್ಲರಿಗೂ ಗೊತ್ತಾಯಿತು, ಅವರ ಕಿವಿ ಕೆಂಪಾದದ್ದು ನಾನು ನೋಡಿದೆ. ಆದರೆ ಮೇಜಿನ ತುದಿಯಲ್ಲಿ ಅಪ್ಪ ಕೂತಿದ್ದರು, ಕುರುಬರ ಬೆನ್ನ ಹಿಂದೆ ಅಮ್ಮ ಬೆಳ್ಳುಳ್ಳಿ ಸಾರಿನ ದೊಡ್ಡ ಬೋಗುಣಿ ಹಿಡಿದು ನಿಂತಿದ್ದಳು. ಒಬ್ಬನ ಮನೆಯ ಅನ್ನ ಉಣ್ಣುತ್ತ ಅವನ ಹೆಂಡತಿಯ ಚಿತ್ರ ಬೆಟ್ಟದಲ್ಲಿದೆ ಎಂದು ಯಾವ ಬಾಸ್ಕನೂ ಬಾಯಿಬಿಡುವುದಿಲ್ಲ. "ಯಾರೋ ಸಂತಳಿರಬೇಕು ಮೇಷ್ಟ್ರೇ," ಎಂದ ಒಬ್ಬ. "ಹೂಂ, ಸಂತಳೇ," ಎಂದರು ಉಳಿದವರು. ಅಪ್ಪ ಫೋಟೊವನ್ನು ಬಹಳ ಹೊತ್ತು ನೋಡಿ, "ಸಂತಳೇ ಸರಿ" ಎಂದು ಬ್ರೆಡ್ಡು ಮುರಿದರು.

ಅಡುಗೆಮನೆಯಲ್ಲಿ ನಾನು ಅಮ್ಮನ ಮುಖ ನೋಡಿದೆ. "ಸುಮ್ನಿರೇ," ಎಂದಳು, "ಇಷ್ಟು ದಿನದಲ್ಲಿ ಯಾರೂ ನನ್ನ ಸಂತಳು ಅಂದಿರ್ಲಿಲ್ಲ."

ವೆಂಡೆಲ್ ಆಗಲೇ ಕಾಗದ ತೆಗೆದು ಬರೆದುಕೊಳ್ಳುತ್ತಿದ್ದ.

ಫೆಬ್ರವರಿ 22, ಭಾನುವಾರ

ವೆಂಡೆಲ್‌ಗೆ ಮಾತು ಕಲಿಸಲು ಬರುವ ಲೀಟಾ, ಭಾಷಣವನ್ನು ಟೇಪ್ ಮಾಡಿ ತಂದು ಕೇಳಿಸಿ ಎಂದಿದ್ದಳು. ತನ್ನದೇ ಮಾತು ಕಿವಿಗೆ ಬೀಳುತ್ತಿದ್ದರೆ ಒಳಗೆಲ್ಲೋ ದಾರಿ ತೆರೆದೀತು ಎನ್ನುವುದು ಅವಳ ಆಸೆ. ಇವತ್ತು ಹಾಕಿದೆ. ಅವನು ಕಣ್ಣು ಮುಚ್ಚಿ ಎಡಗೈ ಬೆರಳಿನಿಂದ ತಾಳ ಹಾಕುತ್ತ ಕೇಳಿದ. ನಾನು ಅವಸರ ಮಾಡಿದ ಕಡೆ ಬೆರಳು ಎತ್ತಿ, 'ನಿಲ್ಲು' ಎಂದು ಸನ್ನೆ ಮಾಡಿದ. 'ಘಂಟೆಯ ಮಾತೆ' ಬಂದಾಗ ತುಟಿ ಅಲುಗಿತು, ಸ್ವರ ಬರಲಿಲ್ಲ.

ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡ. "ಮಂಗಳವಾರ," ಎಂದ. ಥ್ಯಾಂಕ್ಸ್ ಎಂದೇ ಅರ್ಥ, ಅದರಲ್ಲಿ ನನಗೆ ಅನುಮಾನವಿಲ್ಲ. ಈ ಕೆಲಸ ಒಪ್ಪಿಕೊಂಡದ್ದು ಒಳ್ಳೆಯದಾಯಿತು.

ಮಾರ್ಚ್ 12, ಗುರುವಾರ. ಯುರೇಕಾ

ದಾರಿಯುದ್ದಕ್ಕೂ ಹಿಮ ಬೀಸುತ್ತಿತ್ತು. ಹದಿನಾಲ್ಕು ಜನ, ಅದರಲ್ಲಿ ಇಬ್ಬರು ಹೀಟರಿನ ಆಸೆಗೆ ಬಂದವರು. ಒಂಬತ್ತನೆಯ ಚಿತ್ರಕ್ಕೆ ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಯಿತು. ಬದಲಿ ಬಲ್ಬು ತರಲು ಲೈಬ್ರರಿಯವರು ಶಾಲೆಗೆ ಓಡಿದರು. ಕಾಗದದಲ್ಲಿ ಮುಂದಿನ ಸಾಲು "ಇಲ್ಲಿ ಕಾಣುವಂತೆ" ಎಂದಿದೆ. ಏನೂ ಕಾಣುತ್ತಿಲ್ಲ! ಜನ ನನ್ನನ್ನೇ ನೋಡುತ್ತಿದ್ದಾರೆ.

ಸುಮ್ಮನೆ ನಿಲ್ಲಲಾಗದೆ ಹಾಸಿಗೆಯ ಚಾದರಗಳ ಕಥೆ ಹೇಳತೊಡಗಿದೆ. ಬೆಟ್ಟದಿಂದ ಚಳಿಗಾಲಕ್ಕೆ ಇಳಿದ ಕುರುಬರು ಏಳು ತಿಂಗಳ ಕೊಳೆ ಹೊತ್ತು ನಮ್ಮ ಮನೆಗೆ ಬರುತ್ತಿದ್ದದ್ದು, ಅಮ್ಮ ಅವರನ್ನು ಸ್ನಾನವಾಗದೆ ಮೆಟ್ಟಿಲು ಹತ್ತಲು ಬಿಡದೆ ಇದ್ದದ್ದು, ಮೊದಲ ರಾತ್ರಿ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬಾರದೆ ಅವರು ನೆಲದ ಮೇಲೆ ಮಲಗುತ್ತಿದ್ದದ್ದು. ಬೆಳಗ್ಗೆ ಮುಟ್ಟದ ಹಾಸಿಗೆ ಕಂಡು ಅಮ್ಮನಿಗೆ ಖುಷಿ, ಒಗೆಯುವುದು ಒಂದು ಚಾದರ ಕಮ್ಮಿ. ಹೀಟರಿನ ಆಸೆಗೆ ಬಂದವನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಬಲ್ಬು ಬಂದಾಗ ಒಬ್ಬಾಕೆ, "ಇರ್ಲಿ ಬಿಡಿ, ಹಾಕ್ಬೇಡಿ, ಮುಂದೆ ಹೇಳಿ," ಎಂದಳು. ಆದರೂ ಹಾಕಿದೆ. ವೆಂಡೆಲ್‌ನ ಚಿತ್ರಗಳು, ತೋರಿಸದೆ ವಾಪಸ್ಸು ತರಲು ಆಗುತ್ತದೆಯೇ?

ಲೈಬ್ರರಿಯವರು ಕೊಟ್ಟ ಸೇಬಿನ ಕಡುಬು ಚೆನ್ನಾಗಿತ್ತು. ಎರಡನೆಯ ತುಂಡು ತಿನ್ನುತ್ತ ಕುಳಿತಿದ್ದೆ, ಅಷ್ಟರಲ್ಲಿ ಯಾರೋ ಕುರ್ಚಿಗಳನ್ನೆಲ್ಲ ಎತ್ತಿಟ್ಟುಬಿಟ್ಟಿದ್ದರು.

ಮಾರ್ಚ್ 15, ಭಾನುವಾರ

ಟೇಪ್ ಕೇಳಿಸಿದೆ. ಚಾದರಗಳ ಕಥೆ ಬಂದಾಗ ವೆಂಡೆಲ್ ಕಾಗದಗಳ ಕಡೆ ಬೆರಳು ತೋರಿಸಿದ, ಇದೆಲ್ಲಿದೆ ಎನ್ನುವಂತೆ. ಬಲ್ಬಿನ ವಿಷಯ ಹೇಳಿದೆ. ತಲೆಯಾಡಿಸಿದ, ಆದರೆ ಈ ಸಲ ತಾಳ ಹಾಕಲಿಲ್ಲ.

ಏಪ್ರಿಲ್ 2, ಗುರುವಾರ. ವಿನ್ನೆಮಕ್ಕ

ಮಲಗುವ ಮೊದಲೇ ಇದನ್ನು ಬರೆದುಬಿಡಬೇಕು.

ನಾನು ಹುಟ್ಟಿದ ಊರು. ಅರವತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಗಾನಿಶ್ ಲಾರಾಲ್ಡೆ ಕೂತಿದ್ದ. ಎಂಬತ್ತನಾಲ್ಕು ವರ್ಷ, ಟೋಪಿ ತೆಗೆಯದ ಮುದುಕ. ಆ ದಿನ ನಮ್ಮ ಮೇಜಿನಲ್ಲಿ ಮೊದಲು "ಸಂತಳಿರಬೇಕು" ಎಂದವನು ಅವನೇ. ಅವನನ್ನು ಕಂಡಾಗಲೇ ಗಾಡಿ ತಿರುಗಿಸಬೇಕಿತ್ತು.

ನಲವತ್ತೊಂದನೆಯ ಚಿತ್ರ ಬಂತು. "ಒಂಟಿ ಕುರುಬನೊಬ್ಬನ ಪ್ರಾರ್ಥನೆ" ಎಂದು ಓದುತ್ತಿದ್ದೆ. ಗಾನಿಶ್ ಎದ್ದು ನಿಂತ.

"ಏ ಹುಡುಗಿ, ಸಾಕು ಮಾಡೇ! ಆ ಸುಳ್ಳು ಹೇಳಿದ್ದು ನಾನು. ನಿಮ್ಮಮ್ಮ ನನ್ನ ತಲೆ ಮೇಲೆ ಬಿಸಿ ಸಾರು ಹಿಡ್ಕೊಂಡು ನಿಂತಿದ್ಲು. ಇನ್ನೇನು ಹೇಳ್ಬೇಕಿತ್ತು ನಾನು?"

ಸಭೆಯೆಲ್ಲ ನಕ್ಕಿತು.

"ಗಾನಿಶ್ ಮಾವ, ಕೂತ್ಕೊಳಿ," ಎಂದೆ.

"ಕೂತೂ ಕೂತೂ ಬೆನ್ನು ಬಾಗೋಯ್ತು. ಈಗ ನಿಮ್ಮಪ್ಪನೂ ಇಲ್ಲ, ನಿಮ್ಮಮ್ಮನೂ ಇಲ್ಲ, ನಾನೂ ಹೊರಟು ನಿಂತೋನು. ಅವಳ್ಯಾರು ಅಂತ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಎಡಗೈ, ತಲೆವಸ್ತ್ರದ ಗಂಟು, ಆರೂವರೆಯ ಘಂಟೆ, ಬೋಗುಣಿ, ಬ್ರೆಡ್ಡು ಮುರಿದ ಅಪ್ಪ. ಜನ ನಕ್ಕು ನಕ್ಕು, ಆಮೇಲೆ ತಣ್ಣಗಾದರು. ಅವಳು ಯಾವ ಕುರುಬನನ್ನೂ ಬಯಸಿ ಕೂತವಳಲ್ಲ, ಮೂವರಿಗೆ ಬೇಡ ಎಂದವಳು. ಆದರೆ ಬೆಟ್ಟದಲ್ಲಿ ಏಳು ತಿಂಗಳು ಮನುಷ್ಯರ ಮುಖ ಕಾಣದವರಿಗೆ ಬಿಸಿ ಊಟವಿದೆ ಬನ್ನಿ ಎಂದು ಕರೆದವಳು ಅವಳೊಬ್ಬಳೇ ಎಂದೆ. ಇದನ್ನು ನಾನು ಎಲ್ಲೂ ಬರೆದುಕೊಂಡಿರಲಿಲ್ಲ. ಹಾಗೇ ಬಂತು.

"ಕೆತ್ತಿದ್ದು ಯಾರು?" ಎಂದು ಯಾರೋ ಕೇಳಿದರು.

"ಯಾರಾದ್ರೆ ಏನು?" ಎಂದ ಗಾನಿಶ್. "ಆ ಕಣಿವೇಲಿ ಅವಳು ಏಳು ಮರದ ಮೇಲಿದ್ಲು. ಚಾಕು ತುದೀಲಿ ಕೂದಲಿನಷ್ಟು ಸಣ್ಣಗೆ ಗೀರಬೇಕು, ಆಗ ಏನೂ ಕಾಣಲ್ಲ. ಮರ ಬೆಳೀತಾ ಬೆಳೀತಾ ಗೀರು ಕಪ್ಪಾಗಿ ಉಬ್ಬುತ್ತೆ. ಕಾಣೋ ಹೊತ್ತಿಗೆ ನಾವು ಬೇರೆ ಬೆಟ್ಟಕ್ಕೆ ಹೋಗಿರ್ತೀವಿ. ಒಂದು ನಂದೇ. ಮೂಗು ಕೆಟ್ಟೋಗಿತ್ತು."

ಹೊರಗೆ ಬಂದಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಬದುಕಿದೆ ಕಣಮ್ಮ, ಭಾರ ಇಳೀತು," ಎಂದ. ಅವನಿಗೆ ಇಳಿಯಿತು, ನನಗೆ ಏರಿತು. ಟೇಪು ಮೊದಲಿನಿಂದ ಕೊನೆಯವರೆಗೂ ತಿರುಗುತ್ತಲೇ ಇತ್ತು.

ಏಪ್ರಿಲ್ 5, ಭಾನುವಾರ

ಟೇಪ್ ಕೆಟ್ಟಿದೆ ಎಂದು ವೆಂಡೆಲ್‌ಗೆ ಸುಳ್ಳು ಹೇಳಿದೆ. ಮಾತು, ಕೈ, ಕಾಲು ಎಲ್ಲ ಹೋದ ಮನುಷ್ಯನಿಂದ ಇದೊಂದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.

ಡೊರೀನ್ ಫೋನ್ ಮಾಡಿ ಕುಣಿದಾಡಿದಳು. ವಿನ್ನೆಮಕ್ಕದವರು ಮೂರು ಪುಟದ ಕಾಗದ ಬರೆದಿದ್ದಾರಂತೆ. "ಬರೋ ವರ್ಷ ಆ ಘಂಟೆ ಕಥೇನೇ ಹಾಕೋಣ, ಡೆಟ್!" ಅವನು ಪಕ್ಕದಲ್ಲೇ ಕೂತಿದ್ದ. ಹೂಂ, ಹೂಂ ಎಂದು ಇಟ್ಟುಬಿಟ್ಟೆ.

ಏಪ್ರಿಲ್ 11, ಶನಿವಾರ

ನನ್ನ ದಡ್ಡತನಕ್ಕೆ ಏನನ್ನೋಣ! ಈಚೆಗೆ ಪಾತ್ರೆ ಒರೆಸುವುದು ಅವನ ಕೆಲಸ. ಎಡಗೈಗೆ ಅಭ್ಯಾಸವಾಗಲಿ ಎಂದು ನಾನೇ ಹಚ್ಚಿದ್ದು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಟ್ಟೆಗಾಗಿ ಡ್ರಾಯರು ತಡಕಿ ಟೇಪ್ ಹುಡುಕಿ ಹಾಕಿಕೊಂಡಿದ್ದಾನೆ. ಬಾಗಿಲು ತೆರೆದಾಗ ಅರವತ್ತು ಜನರ ನಗು ಕೇಳಿಸಿತು.

ನಿಂತಲ್ಲೇ ನಿಂತೆ. ಅವನು ಕೊನೆಯವರೆಗೂ ಕೇಳಿದ, ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದ. ಆಮೇಲೆ ಕೋಲೂರಿಕೊಂಡು ಹಜಾರಕ್ಕೆ ಹೋಗಿ ಗೋಡೆಯ ಮೇಲಿನ ಅದೇ ಚಿತ್ರದ ಎದುರು ನನಗೆ ಬೆನ್ನು ಮಾಡಿ ಕೂತುಬಿಟ್ಟ.

"ನಂದು ತಪ್ಪು," ಎಂದೆ. "ಅವತ್ತೇ ಹೇಳ್ಬೇಕಿತ್ತು. ಅಮ್ಮ ಬೇಡ ಅಂದ್ಲು. ಆಮೇಲೆ ನೀನು ಅಷ್ಟು ಖುಷಿಯಾಗಿದ್ದೆ. ಆಮೇಲೆ ಹೊತ್ತು ಮೀರ್ತು. ವೆಂಡೆಲ್, ಈ ಕಡೆ ನೋಡೋ."

ನೋಡಲಿಲ್ಲ. ಮಂಗಳವಾರ ಎಂದೂ ಅನ್ನಲಿಲ್ಲ.

ಅವನ ನೋವು ಯಾವುದೆಂದು ನನಗೆ ಗೊತ್ತು. ಚಿತ್ರ ತಪ್ಪಾದದ್ದಕ್ಕಲ್ಲ, ತಪ್ಪನ್ನು ಒಪ್ಪಿಕೊಳ್ಳುವ ಮೇಷ್ಟ್ರು ಅವನು. ಇಡೀ ಮೇಜಿಗೆ ಗೊತ್ತಿದ್ದದ್ದು, ಹೆಂಡತಿಗೆ ಗೊತ್ತಿದ್ದದ್ದು, ಮೂವತ್ತಾರು ವರ್ಷ ಅವನೊಬ್ಬನಿಗೆ ಗೊತ್ತಿರಲಿಲ್ಲ. ಅವನು ಕತ್ತಲೆ ಸಭಾಂಗಣದಲ್ಲಿ ಜನರಿಗೆ ಕಣ್ಣೀರು ತರಿಸುವಾಗ ನಾನು ಹಿಂದೆ ಕೂತು ಸುಮ್ಮನಿದ್ದೆ.

ಏಪ್ರಿಲ್ 23, ಗುರುವಾರ. ಟೊನೊಪಾ

ಅವನ ಕಾಗದದಲ್ಲಿದ್ದಂತೆ ಓದಿದೆ. ಸಂತಳು, ಪ್ರಾರ್ಥನೆ ಎಲ್ಲ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಓದುವಾಗ ಬಾಯಲ್ಲಿ ಮರಳು ಹಾಕಿಕೊಂಡಂತಿತ್ತು. ಕಾಫಿ ಬಿಸಿಯಿರಲಿಲ್ಲ, ಮೈಕು ಕೀರಲು, ಇಂಥ ಸಭೆಗೆ ಇನ್ನೂ ಚೆನ್ನಾಗಿ ಏರ್ಪಾಡು ಮಾಡಬೇಕು ಎಂದು ಡೊರೀನ್‌ಗೆ ಹೇಳಬೇಕು.

ಮೇ 12, ಮಂಗಳವಾರ

ಸ್ವಲ್ಪ ತಿಳಿಯಾಗಿದೆ. ಈಗ ಇಸ್ಪೀಟು ಆಡುತ್ತಾನೆ, ನಾನು ಹಚ್ಚಿಕೊಟ್ಟ ಬ್ರೆಡ್ಡು ತಿನ್ನುತ್ತಾನೆ. ನಿನ್ನೆ ಸಂಜೆ ಕಂಬಳಿ ಎಳೆದು ನನ್ನ ಕಾಲ ಮೇಲೂ ಹೊದಿಸಿದ. ಅಷ್ಟಕ್ಕೇ ನನಗೆ ಅಳು ಬಂತು. ಅಷ್ಟಾದರೂ ಉಳಿದಿದೆಯಲ್ಲ, ನಾನು ಪುಣ್ಯ ಮಾಡಿದ್ದೆ.

ನಾಡಿದ್ದು ಕೊನೆಯ ಭಾಷಣ, ನಮ್ಮ ಎಲ್ಕೊದಲ್ಲೇ. ತಾನೂ ಬರುತ್ತೇನೆಂದು ಕೋಟು ತೆಗೆದಿಟ್ಟಿದ್ದಾನೆ. "ನೀನು ಬರೆದ ಹಾಗೇ ಓದ್ತೀನಿ. ಒಂದು ಮಾತೂ ಆಚೀಚೆ ಮಾಡಲ್ಲ," ಎಂದು ಮಾತು ಕೊಟ್ಟೆ. ಅವನು ನನ್ನನ್ನು ದಿಟ್ಟಿಸಿ ನೋಡಿ, ಎದ್ದು ಹೋಗಿ ಕೋಟಿನ ಗುಂಡಿ ಹಾಕುವ ಅಭ್ಯಾಸ ಮಾಡತೊಡಗಿದ. ಆ ನೋಟ ನನಗೆ ಅರ್ಥವಾಗಲಿಲ್ಲ.

ಮೇ 15, ಶುಕ್ರವಾರ, ಬೆಳಗ್ಗೆ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ. ಅವನಿನ್ನೂ ಎದ್ದಿಲ್ಲ.

ನೂರರ ಹತ್ತಿರ ಜನ. ಅವನ ಹಳೆಯ ವಿದ್ಯಾರ್ಥಿಗಳು, ನನ್ನ ಬಸ್ಸಿನಲ್ಲಿ ಬರುತ್ತಿದ್ದ ಮಕ್ಕಳು, ಈಗ ಅವರ ಮಕ್ಕಳು. ಎಲ್ಲರೂ ಎದ್ದು ನಿಂತು ವೆಂಡೆಲ್‌ಗೆ ಚಪ್ಪಾಳೆ ತಟ್ಟಿದರು. ಅವನು ನೇರ ಹಿಂದೆ ಹೋಗಿ ಪ್ರೊಜೆಕ್ಟರಿನ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಯಾರು ಕೇಳಿದರೂ ಬಿಡಲಿಲ್ಲ.

ನಾನು ಓದಿದೆ, ಅವನು ಚಿತ್ರ ಬದಲಿಸಿದ. ಒಂದೂ ಹೆಚ್ಚುಕಮ್ಮಿಯಾಗಲಿಲ್ಲ. ನಲವತ್ತೊಂದು ಬಂತು. ಮರದ ಮೇಲೆ ಅಮ್ಮ ನಿಂತಿದ್ದಳು. ನಾನು ಕಾಗದದಿಂದ ತಲೆಯೆತ್ತದೆ 'ಘಂಟೆಯ ಮಾತೆ'ಯನ್ನು ಓದಿ ಮುಗಿಸಿದೆ. ಮುಂದಿನ ಚಿತ್ರಕ್ಕೆ ಕಾದೆ. ಬರಲಿಲ್ಲ.

"ವೆಂಡೆಲ್, ಮುಂದಿನ್ದು," ಎಂದೆ.

ಬರಲಿಲ್ಲ. ಗುಂಡಿ ಸಿಕ್ಕಿಕೊಂಡಿತೋ, ಕೈ ಮರಗಟ್ಟಿತೋ ಎಂದು ಹೆದರಿ ಎರಡು ಹೆಜ್ಜೆ ಮುಂದೆ ಬಂದೆ. ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದ. ಪ್ರೊಜೆಕ್ಟರಿನ ಬೆಳಕು ಅವನ ಕಿವಿಗೆ ಬೀಳುತ್ತಿತ್ತು.

"ಮಂ..." ಎಂದ. ಇಲ್ಲ ಎನ್ನುವಂತೆ ತಲೆ ಕೊಡವಿದ. ಬಾಯಿ ತೆರೆದ, ಮುಚ್ಚಿದ. ಕತ್ತಿನ ನರ ಉಬ್ಬಿತು. ಕೈಯೆತ್ತಿ ಪರದೆಯ ಮೇಲಿನ ಹೆಂಗಸನ್ನು ತೋರಿಸಿದ.

"ಅತ್ತೆ," ಎಂದ.

ನನಗೆ ನಂಬಿಕೆ ಬರಲಿಲ್ಲ. "ಏನಂದೆ?"

"ಅತ್ತೆ!" ಪಾಠ ಒಪ್ಪಿಸದ ಹುಡುಗನನ್ನು ಗದರುವ ಹಾಗೆ ಹೇಳಿ, ನನ್ನ ಕೈಯಲ್ಲಿದ್ದ ಕಾಗದಗಳ ಕಡೆ ಬೆರಳು ತೋರಿಸಿ, ಕೆಳಗಿಡು ಎಂದು ಸನ್ನೆ ಮಾಡಿ ಕೂತ.

ಕೆಳಗಿಟ್ಟೆ. "ಇದು ನಮ್ಮಮ್ಮ, ಗ್ರಾಸಿಯಾನಾ," ಎಂದು ಶುರುಮಾಡಿದೆ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಉಳಿದ ಹನ್ನೆರಡು ಚಿತ್ರಗಳನ್ನು ಅವನು ಹಾಕಲೇ ಇಲ್ಲ, ನಾನೂ ಕೇಳಲಿಲ್ಲ. ಸಾರಿನ ಬೋಗುಣಿಯ ಭಾಗಕ್ಕೆ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕದ್ದು ಹಿಂದಿನ ಸಾಲಿನಿಂದ.

ದಾರಿಯುದ್ದಕ್ಕೂ ಕಾರಿನಲ್ಲಿ ಅದನ್ನೇ ಹೇಳಿಕೊಂಡು ಬಂದ. ಕೀಲಿಕೈ ಕೊಟ್ಟರೆ ಅತ್ತೆ, ಹಾಲು ಬೇಕಾ ಎಂದರೆ ಅತ್ತೆ, ದೀಪ ಆರಿಸಲಾ ಎಂದರೂ ಅತ್ತೆ. ಲೀಟಾಗೆ ಈಗಲೇ ಫೋನ್ ಮಾಡಬೇಕು. ಐದು ತಿಂಗಳಲ್ಲಿ ಎರಡನೆಯ ಪದ, ನೂರು ಜನರ ಎದುರು, ತಾನಾಗಿ ಹುಡುಕಿ ತೆಗೆದದ್ದು. ಆ ದೇವರಿಗೂ, ಟೋಪಿ ತೆಗೆಯದ ಗಾನಿಶ್‌ಗೂ, ಯುರೇಕಾದಲ್ಲಿ ಸುಟ್ಟ ಆ ಬಲ್ಬಿಗೂ ನಾನು ಋಣಿ.

ನನ್ನ ಹೆಸರು ಅವನ ಬಾಯಿಗೆ ಇನ್ನೂ ಬಂದಿಲ್ಲ. ಮೊದಲು ಅಮ್ಮನ ಸರದಿ ಬಂತು, ನನ್ನದೂ ಬರುತ್ತದೆ. ಒಳಗೆ ಮಂಚ ಕಿರುಗುಟ್ಟಿತು, ಎದ್ದನೆಂದು ಕಾಣುತ್ತದೆ. ಇಗೋ, ಅತ್ತೆಯನ್ನು ಕರೆಯುತ್ತಿದ್ದಾನೆ, ನಾನು ಹೋಗಬೇಕು.